ಅರಿವಳಿಕೆ ಕೊಟ್ಟ ಪ್ರಾಣಿಯ ಮಿದುಳಿನಲ್ಲಿ ಗ್ಲೂಕೋಸ್ ಅಳೆಯುವಾಗ: ಎಫ್‌ಡಿಜಿ ಪೆಟ್ ಪ್ರಯೋಗಕ್ಕೊಂದು ಮಾರ್ಗದರ್ಶಿ

ಮಿದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಬಳಸುತ್ತಿದೆ ಎಂಬುದನ್ನು ಜೀವಂತ ಪ್ರಾಣಿಯಲ್ಲಿ ನೋಡಲು, ಎಫ್‌ಡಿಜಿ ಎಂಬ ವಿಕಿರಣಶೀಲ ಗ್ಲೂಕೋಸ್ ರೂಪಾಂತರವನ್ನು ದೇಹಕ್ಕೆ ಚುಚ್ಚಿ, ಅದರ ವಿಕಿರಣವನ್ನು ಹೊರಗಿನಿಂದ ಗ್ರಹಿಸುವ ಪೆಟ್ ಸ್ಕ್ಯಾನರಿನಲ್ಲಿ ಚಿತ್ರ ತೆಗೆಯುವುದು ಇಂದು ರೂಢಿಯಲ್ಲಿರುವ ವಿಧಾನ. ಸ್ಕ್ಯಾನರಿನೊಳಗೆ ಪ್ರಾಣಿ ಅಲುಗಾಡಬಾರದು, ಆದ್ದರಿಂದ ಅರಿವಳಿಕೆ ಕೊಡಲಾಗುತ್ತದೆ. ತೊಡಕಿರುವುದು ಇಲ್ಲಿಯೇ: ಅರಿವಳಿಕೆಯ ಔಷಧಗಳು ನರಕೋಶಗಳ ಚಟುವಟಿಕೆಯನ್ನು ಬದಲಿಸುತ್ತವೆ, ಮತ್ತು ಮಿದುಳು ಗ್ಲೂಕೋಸನ್ನು ಖರ್ಚು ಮಾಡುವುದು ಬಹುಮಟ್ಟಿಗೆ ಆ ಚಟುವಟಿಕೆಗಾಗಿಯೇ. ಪ್ರಾಣಿಯನ್ನು ಸುಮ್ಮನಿರಿಸಲು ಕೊಟ್ಟ ಔಷಧ ನಾವು ಅಳೆಯಲು ಹೊರಟ ಸಂಗತಿಯನ್ನೇ ಬದಲಿಸಿಬಿಡುತ್ತದೆ. ಈ ಪ್ರಭಾವವನ್ನು ಪೂರ್ತಿ ತೆಗೆದುಹಾಕುವುದು ಅನೇಕ ಪ್ರಯೋಗಗಳಲ್ಲಿ ಸಾಧ್ಯವಿಲ್ಲ. ಆದರೆ ಅದು ಯಾವ ಗಳಿಗೆಯಲ್ಲಿ, ಯಾವ ದಾರಿಯಿಂದ ಅಳತೆಯೊಳಗೆ ನುಸುಳುತ್ತದೆ ಎಂಬುದನ್ನು ಮೊದಲೇ ಅರಿತು ಪ್ರಯೋಗವನ್ನು ಕಟ್ಟುವುದು ಸಾಧ್ಯವಿದೆ. ಚಿಕ್ಕ ಪ್ರಾಣಿಗಳ ಚಿತ್ರಣಕ್ಕೆ ಹೊಸದಾಗಿ ಕೈಹಾಕಿರುವ ಸಂಶೋಧಕರನ್ನು ಮನಸ್ಸಿನಲ್ಲಿಟ್ಟು ಈ ಲೇಖನವನ್ನು ಬರೆಯಲಾಗಿದೆ. ಮೌಸ್ ಎನ್ನುವ ಪ್ರಾಣಿಯನ್ನು ಇಲ್ಲಿ ಚಿಕ್ಕ ಇಲಿ ಎಂದೂ, ರ್‍ಯಾಟ್ ಎನ್ನುವುದನ್ನು ದೊಡ್ಡ ಇಲಿ ಎಂದೂ ಕರೆದಿದ್ದೇನೆ.

ಮೊದಲ ಹೆಜ್ಜೆ: ಚಿತ್ರದಲ್ಲಿ ದಾಖಲಾಗುವ ಸಮಯ ಯಾವುದೆಂದು ತಿಳಿಯುವುದು

ಎಫ್‌ಡಿಜಿ ರಕ್ತದಿಂದ ಮಿದುಳಿಗೆ ದಾಟುವುದು ಗ್ಲೂಕೋಸ್ ದಾಟುವ ವಾಹಕಗಳ ಮೂಲಕವೇ. ರಕ್ತ ಮತ್ತು ಮಿದುಳಿನ ನಡುವಿನ ತಡೆಯಲ್ಲಿ ಗ್ಲುಟ್-1, ನರಕೋಶಗಳ ಪೊರೆಯಲ್ಲಿ ಗ್ಲುಟ್-3 ಮುಖ್ಯವಾದವು. ಒಳಗೆ ಹೋದ ಎಫ್‌ಡಿಜಿಗೆ ಹೆಕ್ಸೊಕೈನೇಸ್ ಎಂಬ ಕಿಣ್ವ ಒಂದು ಫಾಸ್ಫೇಟನ್ನು ಜೋಡಿಸುತ್ತದೆ. ಸಹಜ ಗ್ಲೂಕೋಸ್ ಆಗಿದ್ದರೆ ಅದು ಮುಂದಿನ ಹಂತಗಳಿಗೆ ಸಾಗುತ್ತಿತ್ತು. ಎಫ್‌ಡಿಜಿಯಲ್ಲಿ ಎರಡನೆಯ ಇಂಗಾಲದ ಮೇಲೆ ಇರಬೇಕಾದ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಫ್ಲೋರಿನ್-18 ಇರುವುದರಿಂದ ಅದು ಅಲ್ಲಿಗೇ ನಿಲ್ಲುತ್ತದೆ. ಫಾಸ್ಫೇಟನ್ನು ಮತ್ತೆ ಕಳಚುವ ಕಿಣ್ವದ ಚಟುವಟಿಕೆ ಮಿದುಳಿನಲ್ಲಿ ತೀರಾ ಕಡಿಮೆಯಾದ್ದರಿಂದ, ಒಮ್ಮೆ ಸಿಕ್ಕಿಬಿದ್ದ ಎಫ್‌ಡಿಜಿ ಸ್ಕ್ಯಾನ್ ಮುಗಿಯುವವರೆಗೆ ಬಹುತೇಕ ಅಲ್ಲಿಯೇ ಉಳಿಯುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷಗಳಾದ ಕಾರಣ, ಚುಚ್ಚಿದ ಮೇಲೆ ತುಸು ಕಾದು ಚಿತ್ರ ತೆಗೆಯಲು ಬೇಕಾದಷ್ಟು ಕಾಲಾವಕಾಶವೂ ಸಿಗುತ್ತದೆ.

ಈ ಒಂದು ಗುಣದಿಂದ ಪ್ರಯೋಗದ ಯೋಜನೆಯೇ ಬದಲಾಗುತ್ತದೆ. ರಕ್ತದಲ್ಲಿ ಎಫ್‌ಡಿಜಿಯ ಪ್ರಮಾಣ ಚುಚ್ಚಿದ ಕೂಡಲೇ ಏರಿ ಬೇಗನೆ ಇಳಿಯುತ್ತದೆ. ಮಿದುಳು ಅದನ್ನು ಹಿಡಿದಿಟ್ಟುಕೊಳ್ಳುವ ಕೆಲಸದ, ಅಂದರೆ ಹೀರಿಕೆಯ, ಬಹುಭಾಗ ಮೊದಲ ಮೂವತ್ತರಿಂದ ನಲವತ್ತೈದು ನಿಮಿಷಗಳಲ್ಲಿ ನಡೆದುಹೋಗುತ್ತದೆ. ಆಮೇಲೆ ತೆಗೆದ ಚಿತ್ರ ತೋರಿಸುವುದು ಸ್ಕ್ಯಾನ್ ನಡೆಯುವ ಹೊತ್ತಿನ ಮಿದುಳನ್ನಲ್ಲ, ಚುಚ್ಚಿದ ನಂತರದ ಆ ಅವಧಿಯ ಮಿದುಳನ್ನು. ಪ್ರಾಣಿ ಆಗ ಎಚ್ಚರವಾಗಿದ್ದರೆ ಎಚ್ಚರದ ಚಯಾಪಚಯ, ಅರಿವಳಿಕೆಯಲ್ಲಿದ್ದರೆ ಅರಿವಳಿಕೆಯ ಚಯಾಪಚಯ ಚಿತ್ರದಲ್ಲಿ ಮೂಡುತ್ತದೆ. ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು 1977ರಲ್ಲಿ ವಿಕಿರಣಶೀಲ ಇಂಗಾಲ-14 ಬೆರೆಸಿದ ಡಿಯಾಕ್ಸಿಗ್ಲೂಕೋಸ್ ಎಂಬ ಇನ್ನೊಂದು ಗ್ಲೂಕೋಸ್ ರೂಪಾಂತರವನ್ನು ಬಳಸಿ ದೊಡ್ಡ ಇಲಿಗಳ ಮಿದುಳಿನ ಗ್ಲೂಕೋಸ್ ಬಳಕೆಯನ್ನು ಅಳೆದಾಗಲೂ ತರ್ಕ ಇದೇ ಆಗಿತ್ತು: ನಲವತ್ತೈದು ನಿಮಿಷ ಕಾದು, ನಂತರ ಮಿದುಳನ್ನು ತೆಗೆದು ತೆಳು ಪದರಗಳಾಗಿ ಕತ್ತರಿಸಿ ಫಿಲ್ಮಿನ ಮೇಲಿಟ್ಟು ಓದುವುದು. ಎಚ್ಚರವಿರುವ ಮತ್ತು ಅರಿವಳಿಕೆಯಲ್ಲಿರುವ ಇಲಿಗಳ ಮೌಲ್ಯಗಳನ್ನು ಆ ಪ್ರಬಂಧವೇ ಬೇರೆಬೇರೆಯಾಗಿ ಕೊಟ್ಟಿತ್ತು. ಈ ಲೇಖನದ ಸಮಸ್ಯೆ, ಅಂದರೆ, ವಿಧಾನದಷ್ಟೇ ಹಳೆಯದು.

ಎರಡನೆಯ ಹೆಜ್ಜೆ: ಎಚ್ಚರದಲ್ಲಿ ಹೀರಿಕೆಯೋ, ಅರಿವಳಿಕೆಯಲ್ಲಿ ಹೀರಿಕೆಯೋ

ಔಷಧವನ್ನು ಆಯ್ಕೆ ಮಾಡುವ ಮೊದಲೇ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ನಿಮಗೆ ಬೇಕಾಗಿರುವುದು ಒಂದು ರೋಗಮಾದರಿಯ ಪ್ರಾಣಿಗೂ ಆರೋಗ್ಯವಂತ ಪ್ರಾಣಿಗೂ ನಡುವಿನ ವ್ಯತ್ಯಾಸವಾಗಿದ್ದು, ಒಂದು ಸ್ಥಿರ ಚಿತ್ರ ಸಾಕು ಎನ್ನುವುದಾದರೆ, ಎಚ್ಚರದಲ್ಲಿ ಹೀರಿಕೆಗೆ ಬಿಟ್ಟು ಆಮೇಲೆ ಅರಿವಳಿಕೆ ಕೊಡುವುದೇ ನನ್ನ ದೃಷ್ಟಿಯಲ್ಲಿ ಮೊದಲ ಆಯ್ಕೆಯಾಗಬೇಕು. ಚುಚ್ಚಿದ ಕ್ಷಣದಿಂದ ನಿಮಿಷ ನಿಮಿಷದ ದತ್ತಾಂಶ ಬೇಕಿದ್ದರೆ, ಅಂದರೆ ರಕ್ತ ಮತ್ತು ಮಿದುಳಿನ ನಡುವಿನ ಸಾಗಾಟವನ್ನು ಸಮೀಕರಣಗಳಲ್ಲಿ ಹಿಡಿಯುವ ಚಲನಮಾದರಿಯಿಂದ ನಿಜವಾದ ದರವನ್ನು ಲೆಕ್ಕ ಹಾಕಬೇಕಿದ್ದರೆ, ಪ್ರಾಣಿ ಮೊದಲಿನಿಂದಲೂ ಸ್ಕ್ಯಾನರಿನೊಳಗೆ ಇರಬೇಕಾಗುತ್ತದೆ. ಅಲ್ಲಿ ಅರಿವಳಿಕೆ ಅನಿವಾರ್ಯ ಎಂದೇ ಹೇಳಬಹುದು. ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದವರು ದೊಡ್ಡ ಇಲಿಯ ತಲೆಗೆ ತೊಡಿಸಬಹುದಾದ ರ್‍ಯಾಟ್‌ಕ್ಯಾಪ್ ಎಂಬ ಪುಟ್ಟ ಪೆಟ್ ಸ್ಕ್ಯಾನರಿನಿಂದ ಎಚ್ಚರವಿರುವ ಇಲಿಗಳ ಚಿತ್ರ ತೆಗೆದು 2011ರಲ್ಲಿ ಪ್ರಕಟಿಸಿದ್ದಾರೆ. ತರಬೇತಿ ಕೊಟ್ಟ ಕೋತಿಗಳನ್ನು ಎಚ್ಚರದಲ್ಲಿಯೇ ಸ್ಕ್ಯಾನ್ ಮಾಡುವ ಕೇಂದ್ರಗಳೂ ಇವೆ. ಆದರೆ ಬಹುತೇಕ ಪ್ರಯೋಗಾಲಯಗಳಿಗೆ ಇವು ಕೈಗೆಟುಕುವ ದಾರಿಗಳಲ್ಲ.

ಎಚ್ಚರದ ಹೀರಿಕೆಯ ಕ್ರಮ ಹೀಗಿರಲಿ. ಪ್ರಯೋಗಕ್ಕೆ ಮುಂಚಿನ ದಿನಗಳಲ್ಲಿ ಪ್ರಾಣಿಯನ್ನು ಕೈಯಲ್ಲಿ ಹಿಡಿಯುವುದಕ್ಕೆ ಮತ್ತು ಹಿಡಿತದ ನಳಿಕೆಗೆ ಒಗ್ಗಿಸಬೇಕು; ಒಗ್ಗದ ಪ್ರಾಣಿಯಲ್ಲಿ ಹೆದರಿಕೆಯ ಹಾರ್ಮೋನುಗಳು ರಕ್ತದ ಸಕ್ಕರೆಯನ್ನು ಏರಿಸುವುದರಿಂದ, ಅರಿವಳಿಕೆಯನ್ನು ತಪ್ಪಿಸಲು ಹೋಗಿ ಒತ್ತಡವನ್ನು ಅಳೆದಂತಾಗುತ್ತದೆ. ಸ್ಕ್ಯಾನ್ ದಿನ ನಿಗದಿತ ಅವಧಿಯ ಉಪವಾಸದ ನಂತರ ಪ್ರಾಣಿಯನ್ನು ತೂಗಿ, ಬಾಲದ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಳೆದು, ಬಾಲವನ್ನು ಬೆಚ್ಚಗಾಗಿಸಿ ಅಭಿಧಮನಿಗೆ ಎಫ್‌ಡಿಜಿ ಚುಚ್ಚಬೇಕು. ಬಾಲದ ಅಭಿಧಮನಿಗೆ ಎಚ್ಚರದಲ್ಲಿ ಚುಚ್ಚುವುದು ಕೌಶಲದ ಕೆಲಸ. ಅದು ಸಾಧ್ಯವಾಗದಿದ್ದರೆ ಹೊಟ್ಟೆಯ ಪೊರೆಯೊಳಗೆ ಚುಚ್ಚುವುದು ಇನ್ನೊಂದು ದಾರಿ. ಹಾಗೆ ಮಾಡಿದಾಗ ರಕ್ತಕ್ಕೆ ಸೇರುವುದು ನಿಧಾನವಾಗುವುದರಿಂದ ಕಾಯುವ ಅವಧಿಯನ್ನು ಒಂದು ಗಂಟೆಯ ಹತ್ತಿರಕ್ಕೆ ಹಿಗ್ಗಿಸುವುದು ಒಳ್ಳೆಯದು. ಕೆಲವರು ಚುಚ್ಚುವುದಕ್ಕಾಗಿ ಮಾತ್ರ ಒಂದೆರಡು ನಿಮಿಷ ಐಸೊಫ್ಲೂರೇನ್ ಎಂಬ, ಉಸಿರಿನ ಮೂಲಕ ಕೊಡುವ ಅರಿವಳಿಕೆಯನ್ನು ಕೊಡುತ್ತಾರೆ. ಅದು ನಿರಪಾಯದ ಅಡ್ಡದಾರಿಯಂತೆ ಕಂಡರೂ, ರಕ್ತದಲ್ಲಿ ಎಫ್‌ಡಿಜಿ ಅತಿ ಹೆಚ್ಚಿರುವ ನಿಮಿಷಗಳಲ್ಲೇ ಪ್ರಾಣಿ ಅರೆಎಚ್ಚರದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಅನಿವಾರ್ಯವಾದರೆ ಎಲ್ಲ ಗುಂಪುಗಳಿಗೂ ಅಷ್ಟೇ ಹೊತ್ತು, ಅಷ್ಟೇ ಪ್ರಮಾಣದಲ್ಲಿ ಕೊಡಿ.

ಚುಚ್ಚಿದ ಮೇಲೆ ಪ್ರಾಣಿಯನ್ನು ಒಂಟಿಯಾಗಿ, ಬೆಚ್ಚಗಿನ ಪಂಜರದಲ್ಲಿ, ಗದ್ದಲವಿಲ್ಲದ ಕೋಣೆಯಲ್ಲಿ ನಲವತ್ತೈದು ನಿಮಿಷ ಬಿಡಬೇಕು. ಈ ಅವಧಿಯಲ್ಲಿ ಬಾಗಿಲು ಬಡಿದ ಸದ್ದು, ಪಕ್ಕದ ಪಂಜರದ ಓಡಾಟ, ಬೆಳಕಿನ ಏರುಪೇರು ಎಲ್ಲವೂ ಚಿತ್ರದೊಳಗೆ ಹೋಗುತ್ತವೆ. ಸೊಕೊಲಾಫ್ ತಂಡ ಎಚ್ಚರದ ದೊಡ್ಡ ಇಲಿಗಳಲ್ಲಿ ಕಂಡ ಅತಿ ಹೆಚ್ಚಿನ ಗ್ಲೂಕೋಸ್ ಬಳಕೆ ಕೇಳುವಿಕೆಯ ಹಾದಿಯಲ್ಲಿರುವ ಇನ್ಫೀರಿಯರ್ ಕೊಲಿಕ್ಯುಲಸ್ ಎಂಬ ಭಾಗದಲ್ಲಿತ್ತು: ನೂರು ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 197 ಮೈಕ್ರೊಮೋಲ್. ಬಿಳಿ ದ್ರವ್ಯದ ಕಾರ್ಪಸ್ ಕಲೋಸಮ್‌ನಲ್ಲಿ ಅದು ಸುಮಾರು 40 ಮಾತ್ರ. ಕಾಯುವ ಕೋಣೆ ಎಷ್ಟು ನಿಶ್ಶಬ್ದವಾಗಿರಬೇಕೆಂದು ಈ ಅಂಕಿಯಿಂದಲೇ ಊಹಿಸಬಹುದು. ಆಮೇಲೆ ಶೇ 3ರಿಂದ 4ರ ಐಸೊಫ್ಲೂರೇನ್‌ನಿಂದ ಪ್ರಜ್ಞೆ ತಪ್ಪಿಸಿ, ಶೇ 1.5ರಿಂದ 2ರಲ್ಲಿ ಹಿಡಿದಿಟ್ಟು ಚಿತ್ರ ತೆಗೆಯಬಹುದು. ಈ ಹೊತ್ತಿಗೆ ರಕ್ತದಲ್ಲಿ ಉಳಿದ ಎಫ್‌ಡಿಜಿ ಕಡಿಮೆಯಾದ್ದರಿಂದ ಅರಿವಳಿಕೆಯ ಪರಿಣಾಮ ಸಣ್ಣದು, ಆದರೆ ಶೂನ್ಯವಲ್ಲ. ಪ್ರಜ್ಞೆ ತಪ್ಪಿಸುವ ಸಮಯ ಮತ್ತು ಸ್ಕ್ಯಾನ್ ಆರಂಭದ ಸಮಯ ಪ್ರತಿ ಪ್ರಾಣಿಗೂ ಒಂದೇ ಆಗಿರಲಿ.

ಮೂರನೆಯ ಹೆಜ್ಜೆ: ಔಷಧವನ್ನು ಅರಿತು ಆರಿಸುವುದು

ಹೀರಿಕೆಯೂ ಅರಿವಳಿಕೆಯಲ್ಲೇ ನಡೆಯಬೇಕಾದರೆ, "ಎಲ್ಲ ಅರಿವಳಿಕೆಯೂ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ" ಎಂಬ ಸರಳ ನಂಬಿಕೆಯನ್ನು ಮೊದಲು ಬಿಡಬೇಕು. ತಗ್ಗಿಸುವ ಔಷಧಗಳೂ ಒಂದೇ ರೀತಿಯಲ್ಲಿ, ಒಂದೇ ಜಾಗದಲ್ಲಿ ತಗ್ಗಿಸುವುದಿಲ್ಲ.

ಪೆಂಟೊಬಾರ್ಬಿಟಾಲ್, ಥಯೋಪೆಂಟಾಲ್‌ನಂಥ ಬಾರ್ಬಿಟುರೇಟುಗಳು ಮತ್ತು ಪ್ರೊಪೊಫಾಲ್ ಮುಖ್ಯವಾಗಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ-ಎ ಗ್ರಾಹಕಗಳ ಮೂಲಕ ನರಕೋಶಗಳ ಪ್ರತಿಬಂಧವನ್ನು ಹೆಚ್ಚಿಸುತ್ತವೆ. ಮಿದುಳಿನಾದ್ಯಂತ ಗ್ಲೂಕೋಸ್ ಬಳಕೆ ಇಳಿಯುತ್ತದೆ, ಮಿದುಳಿನ ತೊಗಟೆಯಲ್ಲಿ ಇಳಿತ ಎದ್ದುಕಾಣುತ್ತದೆ. ಇಳಿತದ ಪ್ರಮಾಣ ಸಣ್ಣದೇನಲ್ಲ: ಮನುಷ್ಯ ಸ್ವಯಂಸೇವಕರ ಎಫ್‌ಡಿಜಿ ಪೆಟ್ ಅಧ್ಯಯನಗಳಲ್ಲಿ ಇಡೀ ಮಿದುಳಿನ ಗ್ಲೂಕೋಸ್ ಬಳಕೆ ಪ್ರೊಪೊಫಾಲ್‌ನಿಂದ ಸರಾಸರಿ ಶೇ 55ರಷ್ಟು (1995), ಐಸೊಫ್ಲೂರೇನ್‌ನಿಂದ ಸರಾಸರಿ ಶೇ 46ರಷ್ಟು (1997) ಕಡಿಮೆಯಾಗಿತ್ತು. ಇಳಿತಕ್ಕೆ ಒಂದು ತಳವೂ ಇದೆ. ಬಾರ್ಬಿಟುರೇಟಿನ ಪ್ರಮಾಣ ಏರಿಸುತ್ತಾ ಹೋದರೆ ಮಿದುಳಿನ ವಿದ್ಯುತ್ ಅಲೆಗಳ ರೇಖೆ ಚಪ್ಪಟೆಯಾಗುವವರೆಗೆ ಚಯಾಪಚಯ ಇಳಿದು, ಸರಿಸುಮಾರು ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಔಷಧ ಹೆಚ್ಚಿಸಿದರೂ ಇಳಿಯದು, ಏಕೆಂದರೆ ಉಳಿದ ಖರ್ಚು ಸಂಕೇತ ರವಾನೆಗಲ್ಲ, ಜೀವಕೋಶ ಬದುಕಿ ಉಳಿಯುವುದಕ್ಕೆ. ಆದ್ದರಿಂದ ಆಳವಾದ ಅರಿವಳಿಕೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲವೆಂದರೆ ವ್ಯತ್ಯಾಸವೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಎರಡೂ ಗುಂಪುಗಳು ಅದೇ ತಳವನ್ನು ಮುಟ್ಟಿರಬಹುದು.

ಐಸೊಫ್ಲೂರೇನ್ ಚಿಕ್ಕ ಪ್ರಾಣಿಗಳ ಚಿತ್ರಣದಲ್ಲಿ ಎಲ್ಲರ ಕೈಯಲ್ಲಿರುವ ಔಷಧ; ಆಳವನ್ನು ನಿಮಿಷಗಳಲ್ಲಿ ಬದಲಿಸಬಹುದು, ಪ್ರಾಣಿ ಬೇಗ ಎಚ್ಚೆತ್ತುಕೊಳ್ಳುತ್ತದೆ. ಪ್ರಮಾಣ ಏರಿದಂತೆ ಅದು ಗ್ಲೂಕೋಸ್ ಬಳಕೆಯನ್ನು ಇಳಿಸುತ್ತದೆ, ಆದರೆ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದ ಹರಿವನ್ನು ಹೆಚ್ಚಿಸುತ್ತದೆ. ಎಚ್ಚರದಲ್ಲಿ ಜೊತೆಜೊತೆಯಾಗಿ ಏರಿಳಿಯುವ ಹರಿವು ಮತ್ತು ಚಯಾಪಚಯ ಹೀಗೆ ಬೇರೆಬೇರೆ ದಿಕ್ಕಿಗೆ ಹೊರಳುತ್ತವೆ. ಒಂದೇ ಪ್ರಾಣಿಯಲ್ಲಿ ರಕ್ತಹರಿವಿನ ಎಂಆರ್‌ಐ ಮತ್ತು ಎಫ್‌ಡಿಜಿ ಪೆಟ್ ಎರಡನ್ನೂ ಮಾಡುವವರು ಒಂದನ್ನು ಇನ್ನೊಂದರ ಸಾಕ್ಷಿಯಾಗಿ ಬಳಸುವ ಮುನ್ನ ಇದನ್ನು ನೆನೆಯಬೇಕು. ಇನ್ನೊಂದು ಮಾತು: ಶೇ 1ರಲ್ಲಿರುವ ಪ್ರಾಣಿಯೂ ಶೇ 2ರಲ್ಲಿರುವ ಪ್ರಾಣಿಯೂ ಚಯಾಪಚಯದ ದೃಷ್ಟಿಯಿಂದ ಒಂದೇ ಅಲ್ಲ. ಡಯಲ್ ತೋರಿಸುವ ಅಂಕಿಯ ಜೊತೆಗೆ ಉಸಿರಾಟದ ದರವನ್ನೂ ಬರೆದಿಟ್ಟುಕೊಂಡರೆ ಆಳದ ಬಗ್ಗೆ ಎರಡು ಸಾಕ್ಷಿಗಳಿರುತ್ತವೆ.

ಕೆಟಮಿನ್ ಬೇರೆಯೇ ಜಾತಿಯದು. ಅದು ಎನ್‌ಎಂಡಿಎ ಗ್ರಾಹಕಗಳನ್ನು, ಅಂದರೆ ನರಕೋಶಗಳನ್ನು ಉದ್ದೀಪಿಸುವ ಗ್ರಾಹಕಗಳನ್ನು, ತಡೆಯುತ್ತದೆ. ಅದರ ಪರಿಣಾಮವಾಗಿ ಗ್ಲೂಕೋಸ್ ಬಳಕೆ ಹಿಪೊಕ್ಯಾಂಪಸ್ ಮತ್ತು ಅದಕ್ಕೆ ಸಂಬಂಧಿಸಿದ ಲಿಂಬಿಕ್ ಭಾಗಗಳಲ್ಲಿ ಏರಿ, ಕೇಳುವಿಕೆಯ ಹಾದಿಯಲ್ಲಿ ಇಳಿಯುವುದನ್ನು ಇಲಿಗಳ ಅಧ್ಯಯನಗಳು ಬಹಳ ಹಿಂದೆಯೇ ತೋರಿಸಿವೆ. ಇಡೀ ಮಿದುಳಿನ ಸರಾಸರಿಯನ್ನು ಮಾತ್ರ ನೋಡಿದರೆ ಈ ಏರಿಳಿತ ಒಂದನ್ನೊಂದು ಅಳಿಸಿ, ಏನೂ ಆಗಿಲ್ಲವೆಂಬ ಭ್ರಮೆ ಹುಟ್ಟಬಹುದು. ಕೋತಿಗಳಂಥ ಪ್ರಾಣಿಗಳನ್ನು ಹಿಡಿಯಲು ಮೊದಲು ಕೆಟಮಿನ್ ಚುಚ್ಚಿ ನಂತರ ಐಸೊಫ್ಲೂರೇನ್ ಅಥವಾ ಪ್ರೊಪೊಫಾಲ್‌ಗೆ ಬದಲಾಯಿಸುವುದು ವಾಡಿಕೆ. ಅಲ್ಲಿ ಚಿತ್ರದೊಳಗಿರುವುದು ಒಂದು ಔಷಧವಲ್ಲ, ಎರಡು. ಕೆಟಮಿನ್ ಕೊಟ್ಟ ಮೇಲೆ ಎಫ್‌ಡಿಜಿ ಚುಚ್ಚುವವರೆಗಿನ ಅಂತರವನ್ನು ನಿಗದಿಪಡಿಸಿ ಎಲ್ಲ ಪ್ರಾಣಿಗಳಿಗೂ ಪಾಲಿಸಬೇಕು.

ಇಲಿಗಳಿಗೆ ಕೆಟಮಿನ್ ಜೊತೆ ಕ್ಸೈಲಜಿನ್ ಬೆರೆಸಿ ಹೊಟ್ಟೆಯೊಳಗೆ ಚುಚ್ಚುವ ಪದ್ಧತಿ ಅಗ್ಗ, ಸುಲಭ, ಯಂತ್ರ ಬೇಡ. ಗ್ಲೂಕೋಸ್ ಚಿತ್ರಣಕ್ಕೆ ಮಾತ್ರ ಇದನ್ನು ನಾನು ಸಲಹೆ ಮಾಡುವುದಿಲ್ಲ; ಕಾರಣ ಮುಂದಿನ ಹೆಜ್ಜೆಯಲ್ಲಿದೆ. ಮೆಡೆಟೊಮಿಡಿನ್, ಡೆಕ್ಸ್‌ಮೆಡೆಟೊಮಿಡಿನ್ ಕೂಡ ಕ್ಸೈಲಜಿನ್‌ನ ಗುಂಪಿಗೇ ಸೇರಿದವು. ಯುರೆಥೇನ್ ಕ್ಯಾನ್ಸರ್‌ಕಾರಕವಾದ್ದರಿಂದ ಪ್ರಾಣಿ ಮತ್ತೆ ಎಚ್ಚರಗೊಳ್ಳಬೇಕಾದ, ಹಲವು ಬಾರಿ ಸ್ಕ್ಯಾನ್ ಆಗಬೇಕಾದ ಪ್ರಯೋಗಕ್ಕೆ ಹೊಂದುವುದಿಲ್ಲ.

ನಾಲ್ಕನೆಯ ಹೆಜ್ಜೆ: ರಕ್ತದ ಸಕ್ಕರೆಯನ್ನು ಬೇರ್ಪಡಿಸಿ ನೋಡುವುದು

ಅರಿವಳಿಕೆ ಎರಡು ದಾರಿಗಳಿಂದ ಎಫ್‌ಡಿಜಿ ಅಳತೆಯನ್ನು ಬದಲಿಸುತ್ತದೆ, ಮತ್ತು ಹೊಸಬರು ಹೆಚ್ಚಾಗಿ ಎಡವುವುದು ಎರಡನೆಯ ದಾರಿಯಲ್ಲಿ. ಮೊದಲನೆಯದು ಮಿದುಳಿನೊಳಗಿನದು: ನರಕೋಶಗಳು ಕಡಿಮೆ ಕೆಲಸ ಮಾಡುತ್ತವೆ, ಗ್ಲೂಕೋಸ್ ಬಳಕೆ ಇಳಿಯುತ್ತದೆ. ಎರಡನೆಯದು ದೇಹದ್ದು: ಔಷಧ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಹಜ ಗ್ಲೂಕೋಸ್ ಅದೇ ವಾಹಕಗಳಿಗಾಗಿ, ಅದೇ ಹೆಕ್ಸೊಕೈನೇಸಿಗಾಗಿ ಎಫ್‌ಡಿಜಿಯೊಡನೆ ಪೈಪೋಟಿಗಿಳಿಯುತ್ತದೆ, ಎಫ್‌ಡಿಜಿಯ ಹೀರಿಕೆ ಇಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಚಿತ್ರ ಮಂಕಾಗುತ್ತದೆ. ಆದರೆ ಎರಡನೆಯದರಲ್ಲಿ ಮಿದುಳು ಮೊದಲಿನಷ್ಟೇ ಗ್ಲೂಕೋಸ್ ಬಳಸುತ್ತಿರಬಹುದು.

ಕ್ಸೈಲಜಿನ್ ಆಲ್ಫಾ-2 ಅಡ್ರಿನರ್ಜಿಕ್ ಗ್ರಾಹಕಗಳನ್ನು ಪ್ರಚೋದಿಸಿ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡುಗಡೆಯಾಗದಂತೆ ತಡೆಯುವುದರಿಂದ ಸಕ್ಕರೆ ಗಣನೀಯವಾಗಿ ಏರುತ್ತದೆ, ಹೊಟ್ಟೆ ತುಂಬಿದ ಪ್ರಾಣಿಯಲ್ಲಂತೂ ಇನ್ನೂ ಹೆಚ್ಚು. ಐಸೊಫ್ಲೂರೇನ್ ಕೂಡ ಇನ್ಸುಲಿನ್ ಸ್ರಾವವನ್ನು ತಗ್ಗಿಸುತ್ತದೆ. ಅದರ ಏರಿಕೆ ಸಾಮಾನ್ಯವಾಗಿ ಸೌಮ್ಯವಾದರೂ ಕಡೆಗಣಿಸುವಂಥದ್ದಲ್ಲ. 2006ರಲ್ಲಿ ಅಮೆರಿಕದ ಜರ್ನಲ್ ಆಫ್ ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಬಂದ ಚಿಕ್ಕ ಇಲಿಗಳ ಅಧ್ಯಯನವೊಂದು ಉಪವಾಸ, ಬೆಚ್ಚಗಿಡುವುದು ಮತ್ತು ಅರಿವಳಿಕೆಯ ಆಯ್ಕೆ ದೇಹದಲ್ಲಿ ಎಫ್‌ಡಿಜಿ ಹಂಚಿಕೆಯನ್ನು ಎಷ್ಟರಮಟ್ಟಿಗೆ ಬದಲಿಸುತ್ತವೆ ಎಂದು ತೋರಿಸಿತು. ಈ ಕ್ಷೇತ್ರಕ್ಕೆ ಬರುವವರು ಓದಲೇಬೇಕಾದ ಕೆಲಸ ಅದು.

ಲೆಕ್ಕದ ಅನುಕೂಲಕ್ಕಾಗಿ ಎರಡು ಕಾಲ್ಪನಿಕ ಪ್ರಾಣಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯದರ ಮಿದುಳಿನ ಎಸ್‌ಯುವಿ, ಅಂದರೆ ಚುಚ್ಚಿದ ಪ್ರಮಾಣಕ್ಕೂ ದೇಹತೂಕಕ್ಕೂ ಹೊಂದಿಸಿದ ಹೀರಿಕೆಯ ಮೌಲ್ಯ, 2.0 ಎಂದೂ, ರಕ್ತದ ಸಕ್ಕರೆ ಡೆಸಿಲೀಟರಿಗೆ 120 ಮಿಲಿಗ್ರಾಂ ಎಂದೂ ಇರಲಿ. ಎರಡನೆಯದರ ಎಸ್‌ಯುವಿ 1.2, ಸಕ್ಕರೆ 240. ಬರೀ ಎಸ್‌ಯುವಿ ನೋಡಿದರೆ ಎರಡನೆಯ ಪ್ರಾಣಿಯ ಮಿದುಳು ಶೇ 40ರಷ್ಟು ಮಂಕು. ಎಸ್‌ಯುವಿಯನ್ನು ಸಕ್ಕರೆಯಿಂದ ಗುಣಿಸಿ 100ರಿಂದ ಭಾಗಿಸುವ ಸರಳ ತಿದ್ದುಪಡಿ ಮಾಡಿದರೆ ಮೊದಲನೆಯದಕ್ಕೆ 2.4, ಎರಡನೆಯದಕ್ಕೆ 2.88 ಬರುತ್ತದೆ, ತೀರ್ಮಾನ ತಲೆಕೆಳಗಾಯಿತು. ಈ ತಿದ್ದುಪಡಿಯೂ ಪರಿಪೂರ್ಣವಲ್ಲ, ಏಕೆಂದರೆ ಹೀರಿಕೆ ಮತ್ತು ಸಕ್ಕರೆಯ ಸಂಬಂಧ ಎಲ್ಲ ಮಟ್ಟದಲ್ಲೂ ನೇರ ವಿಲೋಮವಾಗಿ ಉಳಿಯುವುದಿಲ್ಲ. ಸಕ್ಕರೆಯನ್ನು ಮೊದಲೇ ಹತೋಟಿಯಲ್ಲಿಡುವುದು ಆಮೇಲೆ ತಿದ್ದುವುದಕ್ಕಿಂತ ಯಾವಾಗಲೂ ಮೇಲು.

ಹತೋಟಿಯ ಮುಖ್ಯ ಸಾಧನ ಉಪವಾಸ. ಚಿಕ್ಕ ಇಲಿಗೆ ನಾಲ್ಕರಿಂದ ಆರು ಗಂಟೆಗಳ ಉಪವಾಸ, ನೀರು ಮುಕ್ತವಾಗಿ ಸಿಗುವಂತೆ, ಹೆಚ್ಚಿನ ಪ್ರಯೋಗಗಳಿಗೆ ಸಾಕು. ಇಡೀ ರಾತ್ರಿಯ ಉಪವಾಸ ಮನುಷ್ಯನಿಗೆ ಸಾಮಾನ್ಯವೆನಿಸಿದರೂ, ರಾತ್ರಿಯೇ ತಿನ್ನುವ ಈ ಪುಟ್ಟ ಪ್ರಾಣಿಗೆ ಅದು ಕಠಿಣ: ತೂಕ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಚಯಾಪಚಯವೇ ಬೇರೊಂದು ಸ್ಥಿತಿಗೆ ಹೋಗುತ್ತದೆ. ಸಕ್ಕರೆಯನ್ನು ಎಫ್‌ಡಿಜಿ ಚುಚ್ಚುವ ಮುಂಚೆ ಒಮ್ಮೆ, ಸ್ಕ್ಯಾನ್ ಮುಗಿದ ಮೇಲೆ ಒಮ್ಮೆ, ಒಂದೇ ಮೀಟರಿನಿಂದ ಅಳೆಯಿರಿ. ಅರಿವಳಿಕೆಯಲ್ಲೇ ಹೀರಿಕೆ ನಡೆಸುವುದಾದರೆ ಔಷಧ ಕೊಡುವ ಮುಂಚಿನ ಅಂಕಿ ಮಾತ್ರ ಸಾಲದು. ಏರಿಕೆ ಬರುವುದು ಆಮೇಲೆ.

ಐದನೆಯ ಹೆಜ್ಜೆ: ಮೈಶಾಖ ಮತ್ತು ಉಸಿರು

ಅರಿವಳಿಕೆಯಲ್ಲಿ ಪ್ರಾಣಿ ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ಪುಟ್ಟ ದೇಹ ನಿಮಿಷಗಳಲ್ಲೇ ತಣ್ಣಗಾಗುತ್ತದೆ. ಮಿದುಳಿನ ಚಯಾಪಚಯ ಪ್ರತಿ ಡಿಗ್ರಿ ಇಳಿತಕ್ಕೆ ಸುಮಾರು ಶೇ 5ರಿಂದ 7ರಷ್ಟು ಕುಗ್ಗುವುದರಿಂದ, ಮೂರು ಡಿಗ್ರಿ ತಣ್ಣಗಾದ ಇಲಿಯಲ್ಲಿ ಕಾಣುವ ಇಳಿತದ ಒಂದು ದೊಡ್ಡ ಪಾಲು ಔಷಧದ್ದಲ್ಲ, ಚಳಿಯದ್ದು. ಗುದನಾಳದ ತಾಪಮಾಪಕದೊಂದಿಗೆ ಜೋಡಿಸಿದ ಬಿಸಿ ಹಾಸಿಗೆಯಿಂದ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ. ಎಚ್ಚರದ ಪ್ರಾಣಿಗೂ ಬೆಚ್ಚಗಿನ ಪಂಜರ ಬೇಕು, ಬೇರೆ ಕಾರಣಕ್ಕೆ: ಚಳಿಯಾದಾಗ ಶಾಖ ಹುಟ್ಟಿಸುವ ಕಂದು ಕೊಬ್ಬು ಮತ್ತು ನಡುಗುವ ಸ್ನಾಯುಗಳು ಎಫ್‌ಡಿಜಿಯನ್ನು ಕಬಳಿಸಿ ಮಿದುಳಿನ ಪಾಲನ್ನು ಕಡಿಮೆ ಮಾಡುತ್ತವೆ.

ಉಸಿರಾಟ ಕುಗ್ಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಿದುಳಿನ ರಕ್ತಹರಿವು ಬದಲಾಗುತ್ತದೆ. ಐಸೊಫ್ಲೂರೇನನ್ನು ಶುದ್ಧ ಆಮ್ಲಜನಕದಲ್ಲಿ ಕೊಡುತ್ತೀರೋ, ಗಾಳಿಯೊಡನೆ ಬೆರೆಸಿ ಕೊಡುತ್ತೀರೋ ಎಂಬುದನ್ನು ಒಮ್ಮೆ ತೀರ್ಮಾನಿಸಿ ಬದಲಿಸದೆ ಪಾಲಿಸಬೇಕು.

ಆರನೆಯ ಹೆಜ್ಜೆ: ಚಿತ್ರವನ್ನು ಅಂಕಿಯಾಗಿಸುವುದು

ಎಸ್‌ಯುವಿ ಸುಲಭ, ಆದರೆ ಅದರ ಹಿಂದೆ ಒಂದು ಮೌನವಾದ ನಂಬಿಕೆ ಇದೆ: ಎಲ್ಲ ಪ್ರಾಣಿಗಳಲ್ಲೂ ರಕ್ತದಿಂದ ಮಿದುಳಿಗೆ ದೊರೆತ ಎಫ್‌ಡಿಜಿಯ ಒಟ್ಟು ಪೂರೈಕೆ ಒಂದೇ ಎಂಬುದು. ಅರಿವಳಿಕೆ ಇದನ್ನು ಸುಳ್ಳಾಗಿಸುತ್ತದೆ. ಓಡಾಡುವ ಇಲಿಯ ಸ್ನಾಯುಗಳು ರಕ್ತದ ಎಫ್‌ಡಿಜಿಯನ್ನು ಬೇಗ ಹೀರುತ್ತವೆ. ಮಲಗಿದ ಇಲಿಯಲ್ಲಿ ಅದು ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತಬಹುದು, ಮಿದುಳಿಗೆ ಹೆಚ್ಚು ದೊರೆಯಬಹುದು. ಆಗ ಮಿದುಳಿನ ನಿಜವಾದ ಬಳಕೆ ಇಳಿದಿದ್ದರೂ ಎಸ್‌ಯುವಿ ಅಷ್ಟಾಗಿ ಇಳಿಯದಿರಬಹುದು. ಎಚ್ಚರ ಮತ್ತು ಅರಿವಳಿಕೆಯ ಪ್ರಾಣಿಗಳ ಎಸ್‌ಯುವಿಗಳನ್ನು ನೇರವಾಗಿ ಹೋಲಿಸಿ ಚಯಾಪಚಯದ ಬಗ್ಗೆ ಮಾತಾಡುವ ಪ್ರಬಂಧಗಳನ್ನು ಎಚ್ಚರಿಕೆಯಿಂದ ಓದಬೇಕಾದದ್ದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರ ರಕ್ತದಲ್ಲಿನ ಎಫ್‌ಡಿಜಿಯ ಕಾಲಾನುಕ್ರಮವನ್ನು ಅಳೆದು ಪ್ಯಾಟ್ಲ್ಯಾಕ್ ರೇಖಾಚಿತ್ರದಂಥ ಚಲನಮಾದರಿಯಿಂದ ಒಳಹರಿವಿನ ಸ್ಥಿರಾಂಕವನ್ನು, ಅಂದರೆ ಎಫ್‌ಡಿಜಿ ಮಿದುಳಿನಲ್ಲಿ ಸಿಕ್ಕಿಬೀಳುವ ವೇಗದ ಅಳತೆಯನ್ನು, ಪಡೆಯುವುದು. ಅದನ್ನು ರಕ್ತದ ಗ್ಲೂಕೋಸಿನಿಂದ ಗುಣಿಸಿ, ಲಂಪ್ಡ್ ಕಾನ್‌ಸ್ಟಂಟ್ ಎಂಬ, ಎಫ್‌ಡಿಜಿಗೂ ಸಹಜ ಗ್ಲೂಕೋಸಿಗೂ ಇರುವ ವ್ಯತ್ಯಾಸವನ್ನು ಸರಿದೂಗಿಸುವ ಹೊಂದಿಕೆಯ ಅಂಕಿಯಿಂದ ಭಾಗಿಸಿದರೆ ಬಳಕೆಯ ದರ ಸಿಗುತ್ತದೆ. ಇಪ್ಪತ್ತೈದು ಗ್ರಾಂ ತೂಗುವ ಇಲಿಯ ಮೈಯಲ್ಲಿರುವ ರಕ್ತವೇ ಸುಮಾರು ಎರಡು ಮಿಲಿಲೀಟರಾದ್ದರಿಂದ ಮತ್ತೆ ಮತ್ತೆ ರಕ್ತ ತೆಗೆಯುವುದು ಕಷ್ಟ. ಚಿತ್ರದಲ್ಲೇ ಹೃದಯದ ಎಡ ಕುಹರ ಅಥವಾ ದೊಡ್ಡ ರಕ್ತನಾಳದಿಂದ ಈ ರೇಖೆಯನ್ನು ಪಡೆದು, ಒಂದೆರಡು ಮಾದರಿಗಳಿಂದ ಅದನ್ನು ಸರಿಹೊಂದಿಸುವುದು ಕಾರ್ಯಸಾಧ್ಯ ದಾರಿ. ಲಂಪ್ಡ್ ಕಾನ್‌ಸ್ಟಂಟ್ ಕೂಡ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಸಕ್ಕರೆಯ ವಿಪರೀತ ಮಟ್ಟಗಳಲ್ಲಿ ಅದು ಬದಲಾಗುತ್ತದೆ. ಸೊಕೊಲಾಫ್ ತಂಡ ಡಿಯಾಕ್ಸಿಗ್ಲೂಕೋಸಿಗಾಗಿ ದೊಡ್ಡ ಇಲಿಯಲ್ಲಿ ಪಡೆದ 0.483 ಎಂಬ ಅಂಕಿಯನ್ನು ಬೇರೆ ಪ್ರಾಣಿಗೆ, ಬೇರೆ ಅಣುವಿಗೆ ಯೋಚಿಸದೆ ಹಚ್ಚುವುದು ತರವಲ್ಲ.

ರಕ್ತದ ರೇಖೆ ಇಲ್ಲದವರು ಪ್ರತಿ ಭಾಗದ ಮೌಲ್ಯವನ್ನು ಇಡೀ ಮಿದುಳಿನ ಸರಾಸರಿಯಿಂದಲೋ ಸೆರೆಬೆಲ್ಲಮ್‌ನಿಂದಲೋ ಭಾಗಿಸುತ್ತಾರೆ. ಇದರಿಂದ ಸಕ್ಕರೆ ಮತ್ತು ಪೂರೈಕೆಯ ಗದ್ದಲ ಬಹುಮಟ್ಟಿಗೆ ಅಳಿಯುತ್ತದೆ. ಜೊತೆಗೆ ಇಡೀ ಮಿದುಳಿನ ಇಳಿತವೂ ಅಳಿದುಹೋಗುತ್ತದೆ. ತೊಗಟೆ ಇಳಿದು ಸೆರೆಬೆಲ್ಲಮ್ ಅಷ್ಟೇ ಉಳಿದರೆ ಅನುಪಾತ ಸರಿಯಾಗಿ ಹೇಳುತ್ತದೆ; ಔಷಧ ಸೆರೆಬೆಲ್ಲಮ್ಮನ್ನೇ ಇಳಿಸಿದರೆ ಉಳಿದ ಭಾಗಗಳು ಸುಳ್ಳೇ ಏರಿದಂತೆ ಕಾಣುತ್ತವೆ. ಅನುಪಾತವನ್ನು ಕೊಡುವಾಗ ಭಾಗಿಸುವ ಮುಂಚಿನ ಮೌಲ್ಯಗಳನ್ನೂ ಕೊಟ್ಟರೆ ಓದುಗರಿಗೆ ಈ ಅನುಮಾನ ಉಳಿಯುವುದಿಲ್ಲ.

ಅರಿವಳಿಕೆಗೆ ಸಂಬಂಧಿಸದಿದ್ದರೂ ಚಿತ್ರ ಓದುವಾಗ ಎದುರಾಗುವ ಒಂದು ಬಲೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಲಿಗಳ ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿಗಳು ಎಫ್‌ಡಿಜಿಯನ್ನು ಜೋರಾಗಿ ಹೀರುತ್ತವೆ, ಮತ್ತು ಚಿಕ್ಕ ಪ್ರಾಣಿಗಳ ಪೆಟ್‌ನ ವಿಭೇದನ ಸಾಮರ್ಥ್ಯ, ಅಂದರೆ ಪಕ್ಕಪಕ್ಕದ ಜಾಗಗಳನ್ನು ಬೇರ್ಪಡಿಸಿ ತೋರಿಸುವ ಶಕ್ತಿ, ಒಂದರಿಂದ ಒಂದೂವರೆ ಮಿಲಿಮೀಟರ್ ಮಟ್ಟದ್ದಾದ್ದರಿಂದ ಅವುಗಳ ಹೊಳಪು ಮಿದುಳಿನ ಮುಂಭಾಗಕ್ಕೆ ಚೆಲ್ಲುತ್ತದೆ. ಘ್ರಾಣ ಕಂದ ಮತ್ತು ಮುಂಭಾಗದ ತೊಗಟೆಯ ಬಗ್ಗೆ ದೊಡ್ಡ ಮಾತಾಡುವ ಮುಂಚೆ ಇದನ್ನು ಪರಿಶೀಲಿಸಿ. ಬಾಲವನ್ನೂ ಚಿತ್ರದ ವ್ಯಾಪ್ತಿಯಲ್ಲಿಡಿ. ಎಫ್‌ಡಿಜಿ ಅಭಿಧಮನಿಯ ಹೊರಗೆ ಸೋರಿದ್ದರೆ ಎಸ್‌ಯುವಿಯ ಲೆಕ್ಕವೇ ತಪ್ಪುತ್ತದೆ.

ಏಳನೆಯ ಹೆಜ್ಜೆ: ಗುಂಪುಗಳನ್ನು ಕಟ್ಟುವುದು ಮತ್ತು ವರದಿ ಬರೆಯುವುದು

ಎರಡೂ ಗುಂಪುಗಳಿಗೆ ಒಂದೇ ಅರಿವಳಿಕೆ ಕೊಟ್ಟಿದ್ದೇವೆ, ಆದ್ದರಿಂದ ಅದರ ಪ್ರಭಾವ ಪರಸ್ಪರ ಕಳೆದುಹೋಗುತ್ತದೆ ಎಂಬ ವಾದವನ್ನು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಪ್ರಭಾವ ಎರಡೂ ಗುಂಪುಗಳ ಮೇಲೆ ಸಮಾನವಾಗಿದ್ದರೆ ಮಾತ್ರ ಆ ವಾದ ನಿಲ್ಲುತ್ತದೆ. ವಯಸ್ಸಾದ ಪ್ರಾಣಿ, ಬೊಜ್ಜಿನ ಪ್ರಾಣಿ, ಮಧುಮೇಹದ ಮಾದರಿ, ಗಾಬಾ ಅಥವಾ ಎನ್‌ಎಂಡಿಎ ಗ್ರಾಹಕಗಳಲ್ಲೇ ಬದಲಾವಣೆ ಇರುವ ಜೀನ್ ಮಾದರಿ, ಇವುಗಳಲ್ಲಿ ಅದೇ ಪ್ರಮಾಣದ ಔಷಧ ಬೇರೆಯೇ ಆಳವನ್ನೂ ಬೇರೆಯೇ ಸಕ್ಕರೆಯ ಏರಿಕೆಯನ್ನೂ ತರಬಲ್ಲದು. ಇದನ್ನು ಪರೀಕ್ಷಿಸಲು ಇರುವ ನೇರ ದಾರಿ ನಾಲ್ಕು ಗುಂಪುಗಳ ಪ್ರಾಯೋಗಿಕ ಸುತ್ತು: ರೋಗಮಾದರಿ ಮತ್ತು ಆರೋಗ್ಯವಂತ, ಪ್ರತಿಯೊಂದೂ ಎಚ್ಚರದ ಹೀರಿಕೆಯಲ್ಲಿ ಮತ್ತು ಅರಿವಳಿಕೆಯ ಹೀರಿಕೆಯಲ್ಲಿ. ಎಚ್ಚರದಲ್ಲಿ ಕಂಡ ವ್ಯತ್ಯಾಸ ಅರಿವಳಿಕೆಯಲ್ಲಿ ಮಾಯವಾದರೆ ಅಥವಾ ಹೊಸದಾಗಿ ಹುಟ್ಟಿಕೊಂಡರೆ ಮುಖ್ಯ ಪ್ರಯೋಗದ ವಿಧಾನವನ್ನು ಆರಿಸುವುದು ಸುಲಭವಾಗುತ್ತದೆ. ಅದೇ ಪ್ರಾಣಿಗಳನ್ನು ಎರಡೂ ಸ್ಥಿತಿಗಳಲ್ಲಿ ಸ್ಕ್ಯಾನ್ ಮಾಡುವುದಾದರೆ ಕ್ರಮವನ್ನು ಅದಲುಬದಲು ಮಾಡಿ, ನಡುವೆ ಕೆಲವು ದಿನಗಳ ವಿರಾಮ ಕೊಡಬೇಕು. ದಿನದ ಯಾವ ಹೊತ್ತಿನಲ್ಲಿ ಸ್ಕ್ಯಾನ್ ಮಾಡುತ್ತೀರಿ ಎಂಬುದನ್ನೂ ಗುಂಪುಗಳ ನಡುವೆ ಹಂಚಿ. ಬೆಳಿಗ್ಗೆಯೆಲ್ಲಾ ಒಂದು ಗುಂಪು, ಮಧ್ಯಾಹ್ನವೆಲ್ಲಾ ಇನ್ನೊಂದು ಗುಂಪು ಎಂದಾದರೆ ನಿಶಾಚರ ಪ್ರಾಣಿಯ ದಿನಚರಿಯೇ ಫಲಿತಾಂಶವಾಗಿ ಹೊರಬರುತ್ತದೆ.

ಪ್ರಾಣಿ ಪ್ರಯೋಗಗಳ ವರದಿಗಾಗಿ 2010ರಲ್ಲಿ ಬಂದು 2020ರಲ್ಲಿ ಪರಿಷ್ಕೃತಗೊಂಡ ಅರೈವ್ ಮಾರ್ಗಸೂಚಿ ಸಾಮಾನ್ಯ ಚೌಕಟ್ಟನ್ನು ಒದಗಿಸುತ್ತದೆ. ಎಫ್‌ಡಿಜಿ ಪ್ರಯೋಗಕ್ಕೆ ಅದರ ಮೇಲೆ ಇನ್ನಷ್ಟು ಬರೆಯಬೇಕು: ಔಷಧದ ಹೆಸರು, ಪ್ರಮಾಣ, ಕೊಟ್ಟ ದಾರಿ, ಅದನ್ನು ಹೊತ್ತ ಅನಿಲ, ಎಫ್‌ಡಿಜಿ ಚುಚ್ಚಿದ ಕ್ಷಣವನ್ನು ಸೊನ್ನೆ ಎಂದಿಟ್ಟುಕೊಂಡು ಅರಿವಳಿಕೆ ಯಾವ ನಿಮಿಷದಲ್ಲಿ ಆರಂಭವಾಗಿ ಯಾವ ನಿಮಿಷದಲ್ಲಿ ಮುಗಿಯಿತು ಎಂಬುದು, ಉಪವಾಸದ ಗಂಟೆಗಳು, ಎರಡೂ ಸಲದ ಸಕ್ಕರೆಯ ಅಂಕಿಗಳು ಗುಂಪಿನ ಸರಾಸರಿಯಾಗಿ ಅಲ್ಲದೆ ಪ್ರತಿ ಪ್ರಾಣಿಗೂ, ಹೀರಿಕೆಯ ಅವಧಿಯ ಮೈಶಾಖ ಮತ್ತು ಕೋಣೆಯ ಶಾಖ. "ಐಸೊಫ್ಲೂರೇನ್ ಅರಿವಳಿಕೆಯಲ್ಲಿ ಸ್ಕ್ಯಾನ್ ಮಾಡಲಾಯಿತು" ಎಂಬ ಒಂದೇ ಸಾಲು ಬರೆದಿರುವ ಪ್ರಬಂಧದಲ್ಲಿ ಹೀರಿಕೆ ಎಚ್ಚರದಲ್ಲಿ ನಡೆಯಿತೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಅಂಥ ಪ್ರಬಂಧದ ಅಂಕಿಗಳನ್ನು ನಿಮ್ಮ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುವ ಮುನ್ನ ಅದರ ಲೇಖಕರಿಗೆ ಪತ್ರ ಬರೆದು, ಪ್ರಾಣಿಗೆ ಎಫ್‌ಡಿಜಿ ಚುಚ್ಚಿದಾಗ ಅದು ಯಾವ ಸ್ಥಿತಿಯಲ್ಲಿತ್ತು ಎಂದು ಕೇಳಿ ತಿಳಿದುಕೊಳ್ಳಿ.